ಫರ್ಡಿನಾಂಡ್ ಕಿಟ್ಟೆಲ್: ಹುಬ್ಬಳ್ಳಿ–ಧಾರವಾಡಕ್ಕೆ ಬಂದು ಕೇಶಿರಾಜನ ಶಿಷ್ಯನಾದ ಜರ್ಮನ್ ಯುವಕ

ಕನ್ನಡ ವ್ಯಾಕರಣ ಎಂದೊಡನೆ ಮೊದಲು ನೆನಪಾಗುವ ಹೆಸರು ಕೇಶಿರಾಜನದು. 13ನೇ ಶತಮಾನದ ಈ ಜೈನ ವಿದ್ವಾಂಸ ರಚಿಸಿದ ಶಬ್ದಮಣಿದರ್ಪಣವು ಹಳಗನ್ನಡವನ್ನು ಅರಿಯಲು ಇಂದಿಗೂ ಮುಖ್ಯ ಆಧಾರವಾಗಿದೆ. ಆರು ನೂರು ವರ್ಷಗಳ ಕಾಲ ತಾಳೆಗರಿಗಳಲ್ಲಿ ಪ್ರತಿಯಿಂದ ಪ್ರತಿಗೆ ಸಾಗಿ ಬಂದ ಈ ಗ್ರಂಥವನ್ನು 1872ರಲ್ಲಿ ಹಳೆಯ ವ್ಯಾಖ್ಯಾನದೊಡನೆ ಪರಿಷ್ಕರಿಸಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದವರು ಜೈನರಲ್ಲ, ಕನ್ನಡಿಗರೂ ಅಲ್ಲ. ಅವರು 21ನೇ ವಯಸ್ಸಿನಲ್ಲಿ, ಬೇರೊಂದು ಕೆಲಸಕ್ಕಾಗಿ, ಜರ್ಮನಿಯಿಂದ ಹುಬ್ಬಳ್ಳಿ–ಧಾರವಾಡದ ಕಡೆಗೆ ಬಂದಿದ್ದ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ ಅವರನ್ನು ನಾವು ಸಾಮಾನ್ಯವಾಗಿ ನಿಘಂಟುಕಾರರೆಂದು ಬಲ್ಲೆವು. ಆದರೆ ಆ ನಿಘಂಟಿನ ಬುನಾದಿಯಲ್ಲಿ ಜೈನ ಕವಿಗಳು ಮತ್ತು ವೈಯಾಕರಣರು ಕಾಪಾಡಿಕೊಂಡು ಬಂದ ಕನ್ನಡವಿದೆ. ಪರದೇಶದಲ್ಲಿ ಕೆಲವು ಕಾಲ ಬದುಕಲು, ದುಡಿಯಲು ಬಂದ ಯುವಕನೊಬ್ಬ ಆ ಕನ್ನಡದ ವಿದ್ಯಾರ್ಥಿಯಾದ ಬಗೆಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಫರ್ಡಿನಾಂಡ್ ಕಿಟ್ಟೆಲ್ 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ತುದಿಯ ಪೂರ್ವ ಫ್ರಿಸಿಯಾ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಉತ್ತರ ಸಮುದ್ರದ ಅಂಚಿನ ಆ ನೆಲ ಬಹುತೇಕ ಸಮತಟ್ಟು. ಸಮುದ್ರ ಒಳನುಗ್ಗದಂತೆ ಕಟ್ಟಿದ ದೊಡ್ಡ ಒಡ್ಡುಗಳ ಹಿಂದೆ ಅಲ್ಲಿನ ಜನ ಬೇಸಾಯ ಮಾಡಿಕೊಂಡಿದ್ದರು. ತಂದೆ ಗಾಟ್‌ಫ್ರೀಡ್ ಕಿಟ್ಟೆಲ್ ಅಲ್ಲಿನ ಪಾದ್ರಿ. ಮನೆಯ ಹಿರಿಯ ಮಗನಾದ ಫರ್ಡಿನಾಂಡ್ ಔರಿಖ್ ಪಟ್ಟಣದಲ್ಲಿ ಪ್ರೌಢ ವ್ಯಾಸಂಗ ಮಾಡಿದರು. ಹಳೆಯ ಭಾಷೆಗಳಲ್ಲಿ ಅವರಿಗೆ ಮೊದಲಿನಿಂದಲೂ ಒಲವಿತ್ತು. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳಲ್ಲಿ ಒಳ್ಳೆಯ ಪರಿಶ್ರಮ ಪಡೆದರು.

ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಅವರು ಹುಟ್ಟಿದ 1832ರಲ್ಲಿಯೇ ಮದರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿತ್ತು. ಅದನ್ನು ಮೀರಿಸುವ ನಿಘಂಟು ಬರಲು ಇನ್ನೂ 62 ವರ್ಷಗಳು ಬೇಕಾದವು. ಅದನ್ನು ಸಿದ್ಧಪಡಿಸಿದವರು ಅದೇ ವರ್ಷ ಏಳು ಸಮುದ್ರದಾಚೆ ಹುಟ್ಟಿದ ಈ ಮಗು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್, ತನ್ನ ವಿದ್ಯಾಲಯದಲ್ಲಿ ಯುವಕರಿಗೆ ಕೆಲವು ವರ್ಷ ತರಬೇತಿ ಕೊಟ್ಟು ಆಫ್ರಿಕ ಮತ್ತು ಏಷ್ಯದ ದೇಶಗಳಿಗೆ ಕಳುಹಿಸುತ್ತಿತ್ತು. ಅಲ್ಲಿ ಸೇರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಉತ್ತರದ ಪಾದ್ರಿ ಮನೆತನದಿಂದ, ಅದಾಗಲೇ ಸಾಕಷ್ಟು ಓದಿಕೊಂಡು ಬಂದ ಕಿಟ್ಟೆಲ್ ಅವರ ನಡುವೆ ಸ್ವಲ್ಪ ಬೇರೆಯಾಗಿಯೇ ಕಾಣುತ್ತಿದ್ದರು. ಈ ಬೇರೆತನ ಮುಂದೆ ಅವರಿಗೆ ತೊಂದರೆಯನ್ನೂ ತಂದಿತು. 1853ರಲ್ಲಿ ತರಬೇತಿ ಮುಗಿಯಿತು. ಅವರಿಗೆ ಗೊತ್ತುಮಾಡಿದ ಸ್ಥಳ ಕನ್ನಡ ನಾಡು.

1853ರ ಹುಬ್ಬಳ್ಳಿ–ಧಾರವಾಡ

ಆ ಕಾಲದಲ್ಲಿ ಯುರೋಪಿನಿಂದ ಭಾರತಕ್ಕೆ ಬರುವುದು ಸುಲಭವಾಗಿರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಭಾರತದ ಮೊದಲ ಪ್ರಯಾಣಿಕ ರೈಲು ಮುಂಬಯಿ–ಠಾಣೆಗಳ ನಡುವೆ ಓಡಿದ್ದು ಕಿಟ್ಟೆಲ್ ಹೊರಟ ಅದೇ 1853ರಲ್ಲಿ. ಹುಬ್ಬಳ್ಳಿಗೆ ರೈಲು ಬರಲು ಇನ್ನೂ ಮೂವತ್ತು ವರ್ಷಗಳಿಗಿಂತ ಹೆಚ್ಚು ಸಮಯವಿತ್ತು. ಹಡಗಿನಿಂದ ಇಳಿದವರು ಚಕ್ಕಡಿ, ಕುದುರೆ, ಇಲ್ಲವೆ ಕಾಲ್ನಡಿಗೆಯಿಂದ ಘಟ್ಟ ಹತ್ತಿ ಬರಬೇಕಾಗಿತ್ತು. ಊರಿಗೆ ಬರೆದ ಪತ್ರಕ್ಕೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿನಲ್ಲಿ ನೆಲೆ ಮಾಡಿ, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳನ್ನು ತೆರೆದಿದ್ದರು. ಪೇಶ್ವೆಯರ ಆಳ್ವಿಕೆ ಕೊನೆಗೊಂಡ 1818ರಿಂದ ಈ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸರ್ಕಾರಿ ವ್ಯವಹಾರದಲ್ಲಿ, ಶಾಲೆಗಳಲ್ಲಿ ಮರಾಠಿಯ ಪ್ರಭಾವ ಹೆಚ್ಚಾಗಿತ್ತು. ಹೊಲದಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಜನ ಆಡುವುದು ಕನ್ನಡವಾದರೂ ಆ ಕನ್ನಡಕ್ಕೆ ಕಚೇರಿಯಲ್ಲಿ ಬೆಲೆ ಕಡಿಮೆ.

ಆದರೆ ಇದೇ ನೆಲ ಸಾವಿರ ವರ್ಷಗಳ ಹಿಂದೆ ಕನ್ನಡದ ತಿರುಳಿನ ನಾಡೆಂದು ಹೆಸರಾಗಿತ್ತು. 9ನೇ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳು ಎಂದು ಗುರುತಿಸಿದೆ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಒಂಕುಂದ ಎಂದರೆ ಬೈಲಹೊಂಗಲ ಬಳಿಯ ಒಕ್ಕುಂದ. ಹುಬ್ಬಳ್ಳಿ–ಧಾರವಾಡದಿಂದ ಇವು ಬಹಳ ದೂರದ ಊರುಗಳಲ್ಲ. ಆದಿಕವಿ ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆತನ ತಾಯಿಯ ತವರು ಧಾರವಾಡ ಜಿಲ್ಲೆಯ ಅಣ್ಣಿಗೇರಿ. ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಲಕ್ಕುಂಡಿಯೂ ಇದೇ ಸುತ್ತಿನಲ್ಲಿದೆ. ಅಣ್ಣಿಗೇರಿ, ಅಮ್ಮಿನಭಾವಿ, ಲಕ್ಷ್ಮೇಶ್ವರಗಳ ಬಸದಿಗಳು ಆ ಪರಂಪರೆಯ ಸಾಕ್ಷಿಗಳಾಗಿ ಉಳಿದಿವೆ.

ಕಿಟ್ಟೆಲ್ ಇಲ್ಲಿಗೆ ಬಂದಾಗ ಈ ಇತಿಹಾಸ ಹೆಚ್ಚಿನವರಿಗೆ ಮರೆತುಹೋಗಿತ್ತು. ಪಂಪನ ವಿಕ್ರಮಾರ್ಜುನವಿಜಯವೂ ಕವಿರಾಜಮಾರ್ಗವೂ ಅಚ್ಚಾಗಿ ಓದುಗರ ಕೈಗೆ ಬಂದದ್ದು 1898ರಲ್ಲಿ. ಅಂದರೆ ಕನ್ನಡದ ತಿರುಳಿನ ನಾಡಿಗೆ ಬಂದ ಈ ಯುವಕನಿಗೆ ಅದು ಅಂಥ ನಾಡೆಂದು ತಿಳಿಸಬಲ್ಲ ಅಚ್ಚಿನ ಪುಸ್ತಕ ಒಂದೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಜನರ ಬಾಯಿಯ ಮಾತು ಮಾತ್ರ.

ಕನ್ನಡಿಗರಿಗೆ ಕನ್ನಡಿಗನಾಗಿ

ಮಿಷನ್ನಿನ ಯುವಕರು ಬಂದ ಕೂಡಲೆ ಸ್ಥಳೀಯ ಭಾಷೆಯನ್ನು ಕಲಿಯಬೇಕಿತ್ತು. ಉಪದೇಶ ಮಾಡಲು, ಶಾಲೆ ನಡೆಸಲು ಬೇಕಾದಷ್ಟು ಕಲಿತರೆ ಸಾಕು ಎಂಬುದು ಸಾಮಾನ್ಯ ರೂಢಿ. ಕಿಟ್ಟೆಲ್ ಅಷ್ಟಕ್ಕೆ ನಿಲ್ಲಲಿಲ್ಲ. ಯಾವ ಜನರ ನಡುವೆ ಇರಬೇಕೋ ಅವರಂತೆಯೇ ಆಗಬೇಕು ಎಂಬುದು ಅವರ ನಿಲುವಾಗಿತ್ತು. ಯೆಹೂದ್ಯರಿಗೆ ಯೆಹೂದ್ಯನಂತಾದೆ ಎಂಬ ಸಂತ ಪೌಲನ ಮಾತನ್ನು ಅವರು ಕನ್ನಡಿಗರಿಗೆ ಕನ್ನಡಿಗನಾಗುವುದು ಎಂದು ಅರ್ಥ ಮಾಡಿಕೊಂಡರು. ಹಳ್ಳಿಗಳಲ್ಲಿ ನಡೆದು ತಿರುಗಿದರು. ಜನರ ಆಚಾರ ವಿಚಾರಗಳನ್ನು ಕೇಳಿ ತಿಳಿದರು. ಹಾಡು, ರಾಗ, ತಾಳಗಳ ಪರಿಚಯ ಮಾಡಿಕೊಂಡರು.

ಈ ಸುತ್ತಾಟದಲ್ಲಿ ಕೂಡಿಟ್ಟ ಮಾತುಗಳು ಮುಂದೆ ನಿಘಂಟಿಗೆ ಒದಗಿದವು. ಒಕ್ಕಲುತನದ ಪದ, ಅಡುಗೆಮನೆಯ ಪದ, ನೇಕಾರರ, ಕಮ್ಮಾರರ, ಬಡಿಗರ ಪದ, ಗಿಡಮರಗಳ ಹೆಸರು, ಗಾದೆ, ಒಗಟು ಯಾವುದನ್ನೂ ಅವರು ಕೀಳೆಂದು ಬಿಡಲಿಲ್ಲ. ಪಂಡಿತರ ಬಳಿ ಕುಳಿತು ಕಾವ್ಯ ಓದುವುದನ್ನೂ ಸಂತೆಗೆ ಬಂದ ರೈತನ ಮಾತಿಗೆ ಕಿವಿಗೊಡುವುದನ್ನೂ ಒಂದೇ ಶ್ರದ್ಧೆಯಿಂದ ಮಾಡಿದರು. ಗ್ರಂಥದ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ ಎಂದು ತಿಳಿದವರಿಗೆ ಎರಡರ ನಡುವಿನ ನಂಟು ಕಾಣುವುದಿಲ್ಲ. ಪಾಲ್ ಎಂಬುದು ಹಾಲಾಯಿತು, ಪುಲಿ ಎಂಬುದು ಹುಲಿಯಾಯಿತು, ಪೊಲ ಎಂಬುದು ಹೊಲವಾಯಿತು ಎಂಬ ಬದಲಾವಣೆಯನ್ನು ಹಿಡಿಯಲು ಎರಡೂ ಗೊತ್ತಿರಬೇಕು. ಕಿಟ್ಟೆಲ್ ಅವರ ಕೆಲಸದ ಬಲ ಇರುವುದು ಇಲ್ಲಿ.

ಮಿಷನ್ನಿನೊಡನೆ ಭಿನ್ನಾಭಿಪ್ರಾಯ

ಪರದೇಶದಲ್ಲಿ ಒಂಟಿಯಾಗಿದ್ದ ಯುವಕನಿಗೆ ಹೊರಗಿನ ಕಷ್ಟಗಳಿಗಿಂತ ಒಳಗಿನ ಕಷ್ಟಗಳೇ ಹೆಚ್ಚಾದವು. ಬಾಸೆಲ್ ಮಿಷನ್ನಿನ ಕಟ್ಟಳೆಗಳು ಬಿಗಿಯಾಗಿದ್ದವು. ಯಾರು ಎಲ್ಲಿರಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಸಾವಿರಾರು ಮೈಲಿ ದೂರದ ಬಾಸೆಲ್ಲಿನ ಸಮಿತಿ ತೀರ್ಮಾನಿಸುತ್ತಿತ್ತು. ಮದುವೆಗೂ ಸಮಿತಿಯ ಅಪ್ಪಣೆ ಬೇಕು. ಮಕ್ಕಳು ಓದುವ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳುಹಿಸಿಕೊಡುವುದು ರೂಢಿ. ಹೀಗೆ ಕಳುಹಿಸಿದ ಮಕ್ಕಳನ್ನು ತಂದೆ ತಾಯಿಗಳು ಎಷ್ಟೋ ವರ್ಷ ಕಾಣುತ್ತಿರಲಿಲ್ಲ.

ಇಲ್ಲಿನ ಜನರಂತೆ ಬಾಳಬೇಕೆಂಬ ಕಿಟ್ಟೆಲ್ ಅವರ ಹಂಬಲ ಮೇಲಿನವರಿಗೆ ಹಿಡಿಸಲಿಲ್ಲ. ಅವರ ವ್ಯಾಸಂಗದ ಹುಚ್ಚನ್ನೂ ಅವರು ಮೆಚ್ಚಲಿಲ್ಲ. ಓದು ಬರಹದಲ್ಲಿ ಮುಳುಗಿದವರಿಂದ ಧರ್ಮಪ್ರಚಾರದ ಕೆಲಸ ಆಗುವುದಿಲ್ಲವೆಂಬುದು ಅವರ ಆಕ್ಷೇಪ. ಕಿಟ್ಟೆಲ್ ಬಂದದ್ದು ಮತಪ್ರಚಾರಕ್ಕೆ ಎಂಬುದನ್ನು ಮರೆಯುವಂತಿಲ್ಲ. ಅವರು ಕೊನೆಯವರೆಗೂ ಶ್ರದ್ಧಾವಂತ ಕ್ರೈಸ್ತರಾಗಿಯೇ ಇದ್ದರು. ಆದರೆ ಆ ಕೆಲಸದಲ್ಲಿ ಅವರಿಗೆ ಹೆಸರು ಬರಲಿಲ್ಲ. ಯಾವುದನ್ನು ಅವರ ದೋಷವೆಂದು ಎಣಿಸಲಾಗಿತ್ತೋ ಅದರಿಂದಲೇ ಅವರ ಹೆಸರು ಉಳಿಯಿತು.

ಮಿಷನ್ನಿನಲ್ಲಿ ಅವರ ಒಲವನ್ನು ಅರಿಯುವವರೇ ಇರಲಿಲ್ಲವೆಂದಲ್ಲ. ಹಿರಿಯರಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಆರಂಭಿಸಿದವರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹೊರತಂದವರು. ಕನ್ನಡ ಗ್ರಂಥಸಂಪಾದನೆಯ ದಾರಿ ಕಿಟ್ಟೆಲ್ ಅವರಿಗೆ ಹೀಗೆ ಮೊದಲೇ ತೆರೆದಿತ್ತು.

ಮಂಗಳೂರು ಮತ್ತು ಮಡಿಕೇರಿಯ ವರ್ಷಗಳು

ಹುಬ್ಬಳ್ಳಿ–ಧಾರವಾಡದ ಆರಂಭದ ವರ್ಷಗಳ ನಂತರ ಕಿಟ್ಟೆಲ್ ಮಂಗಳೂರಿಗೆ, ಮುಂದೆ ಮಡಿಕೇರಿಗೆ ಹೋದರು. ಮಂಗಳೂರಿನ ಮಿಷನ್ ಮುದ್ರಣಾಲಯ ಅವರ ಕೆಲಸಕ್ಕೆ ಅನುಕೂಲವಾಯಿತು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಭಾರತೀಯ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆ ಎಂಬ ಕೃತಿಯನ್ನು ಪ್ರಕಟಿಸಿದರು. ತಮ್ಮ ಧರ್ಮದ ವಿಷಯವನ್ನು ಹೇಳುವಾಗಲೂ ಅವರು ಆರಿಸಿಕೊಂಡದ್ದು ಕನ್ನಡದ ಓದುಗನ ಕಿವಿಗೆ ಒಗ್ಗಿದ ಧಾಟಿಯನ್ನು. ಶಾಲೆಯ ಮಕ್ಕಳಿಗಾಗಿ ಕಾವ್ಯಸಂಗ್ರಹವನ್ನೂ ಹಳಗನ್ನಡ ವ್ಯಾಕರಣದ ಸೂತ್ರಗಳ ಪುಸ್ತಕವನ್ನೂ ಸಿದ್ಧಪಡಿಸಿದರು.

ಈ ನಡುವೆ ಮನೆಯಲ್ಲಿ ದುಃಖ ಒದಗಿತು. ಅವರ ಪತ್ನಿ ಪೌಲೀನ ಮದುವೆಯಾದ ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಮುಂದೆ ಕಿಟ್ಟೆಲ್ ಆಕೆಯ ತಂಗಿ ಜೂಲಿಯನ್ನು ವಿವಾಹವಾದರು. ಕೆಲವು ವರ್ಷಕ್ಕೆಂದು ದೇಶ ಬಿಟ್ಟು ಬಂದವರು ತೆರುತ್ತಿದ್ದ ಬೆಲೆ ಇಂಥದು. ಕನ್ನಡ ನಾಡಿನ ಹಳೆಯ ಕ್ರೈಸ್ತ ಸ್ಮಶಾನಗಳಲ್ಲಿ ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಸತ್ತ ಯುರೋಪಿಯನ್ನರ ಗೋರಿಗಳು ಇಂದಿಗೂ ಕಾಣಸಿಗುತ್ತವೆ.

ಶಬ್ದಮಣಿದರ್ಪಣದ ಸಂಪಾದನೆ

ಹಳಗನ್ನಡವನ್ನು ಆಳವಾಗಿ ಅರಿಯಬೇಕೆಂದರೆ ಕೇಶಿರಾಜನಿಲ್ಲದೆ ಆಗದೆಂಬುದು ಕಿಟ್ಟೆಲ್ ಅವರಿಗೆ ಮನದಟ್ಟಾಗಿತ್ತು. ಕೇಶಿರಾಜ ಹುಟ್ಟಿದ ಮನೆತನವೇ ವಿದ್ವಾಂಸರದು. ತಂದೆ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವವೆಂಬ ಸಂಕಲನ ಗ್ರಂಥದ ಕರ್ತೃ. ಯಶೋಧರಚರಿತೆಯನ್ನೂ ಅನಂತನಾಥಪುರಾಣವನ್ನೂ ರಚಿಸಿದ ಜನ್ನ ಆತನ ಸೋದರಮಾವ. ಸುಮನೋಬಾಣ ತಾಯಿಯ ತಂದೆ. 1260ರ ಸುಮಾರಿಗೆ ರಚಿತವಾದ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳೂ ಕೊನೆಯಲ್ಲಿ ಪ್ರಯೋಗಸಾರವೂ ಇವೆ. ಸೂತ್ರಗಳು ಕಂದಪದ್ಯಗಳಲ್ಲಿವೆ. ಪ್ರತಿ ಸೂತ್ರಕ್ಕೆ ವೃತ್ತಿಯೂ ಹಿಂದಿನ ಕವಿಗಳ ಪ್ರಯೋಗಗಳೂ ಇವೆ.

ಈ ಪ್ರಯೋಗಗಳಿಗೆ ವಿಶೇಷ ಬೆಲೆಯಿದೆ. ಕೇಶಿರಾಜ ತನಗೆ ಮಾರ್ಗದರ್ಶಕರಾದ ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಕವಿಗಳನ್ನು ಹೆಸರಿಸಿದ್ದಾನೆ. ಇವರಲ್ಲಿ ಕೆಲವರ ಕಾವ್ಯಗಳು ಪೂರ್ಣವಾಗಿ ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ ಹರಿವಂಶ ಮತ್ತು ಶೂದ್ರಕ ಕಾವ್ಯಗಳು ಲಕ್ಷಣಗ್ರಂಥಗಳಲ್ಲಿ, ಸಂಕಲನಗಳಲ್ಲಿ ಉದಾಹೃತವಾದ ಪದ್ಯಗಳಿಂದಷ್ಟೇ ತಿಳಿದುಬಂದಿವೆ. ಆದ್ದರಿಂದ ಶಬ್ದಮಣಿದರ್ಪಣ ವ್ಯಾಕರಣ ಗ್ರಂಥ ಮಾತ್ರವಲ್ಲ, ಮರೆಯಾದ ಸಾಹಿತ್ಯದ ಒಂದು ಉಗ್ರಾಣವೂ ಹೌದು.

ಅಂಥ ಗ್ರಂಥವನ್ನು ತಾಳೆಗರಿಯಿಂದ ಅಚ್ಚಿಗೆ ತರುವುದು ಬಹಳ ತಾಳ್ಮೆಯ ಕೆಲಸ. ಗರಿಯ ಮೇಲೆ ಕಂಟದಿಂದ ಕೊರೆದ ಬರಹದಲ್ಲಿ ಪದ ಪದದ ನಡುವೆ ಬಿಡುವಿರುವುದಿಲ್ಲ. ಎಲ್ಲಿ ಸೂತ್ರ ಮುಗಿಯಿತು, ಎಲ್ಲಿ ಪ್ರಯೋಗ ಆರಂಭವಾಯಿತು ಎಂಬುದನ್ನು ಓದುವವನೇ ಬಿಡಿಸಿಕೊಳ್ಳಬೇಕು. ಪ್ರತಿಕಾರ ತನಗೆ ತಿಳಿಯದ ಹಳೆಯ ಪದವನ್ನು ತನ್ನ ಕಾಲದ ಪದಕ್ಕೆ ತಿದ್ದಿರುತ್ತಾನೆ. ಒಂದು ಪ್ರತಿಯಲ್ಲಿ ಗೆದ್ದಲು ತಿಂದ ಭಾಗ ಇನ್ನೊಂದರಲ್ಲಿ ಉಳಿದಿರುತ್ತದೆ. ಇವನ್ನೆಲ್ಲ ಹೋಲಿಸಿ ಸರಿಯಾದ ಪಾಠವನ್ನು ನಿರ್ಣಯಿಸಬೇಕು.

ಹಳಗನ್ನಡದ ಱ ಮತ್ತು ೞ ಅಕ್ಷರಗಳ ವಿಚಾರವನ್ನೇ ನೋಡಬಹುದು. ಮೞೆ, ಬಾೞೆ, ಕೋೞಿ ಎಂಬ ಪದಗಳಲ್ಲಿದ್ದ ೞ ಕಾರ ಕಾಲಕ್ರಮದಲ್ಲಿ ಳ ಕಾರದೊಡನೆ ಬೆರೆತು ಮಳೆ, ಬಾಳೆ, ಕೋಳಿ ಆಯಿತು. ಹೊಸ ಪ್ರತಿಕಾರರಿಗೆ ಎರಡರ ಭೇದ ತಿಳಿಯದು. ಯಾವ ಪದದಲ್ಲಿ ಯಾವ ಅಕ್ಷರವೆಂಬ ನಿರ್ಣಯಕ್ಕೆ ಕೇಶಿರಾಜನೇ ಗತಿ. ಆತ ೞ ಕಾರವಿರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಒಂದು ಅಕ್ಷರ ಜನರ ನಾಲಿಗೆಯಿಂದ ಜಾರಿಹೋಗುತ್ತಿದ್ದ ಹೊತ್ತಿನಲ್ಲಿ ಅದನ್ನು ಹಿಡಿದಿಟ್ಟ ಕೇಶಿರಾಜನ ಶ್ರಮ ಆರು ಶತಮಾನಗಳ ನಂತರ ಕಿಟ್ಟೆಲ್ ಅವರಿಗೆ ದಾರಿ ತೋರಿಸಿತು. ಮುಂದೆ ನಿಘಂಟಿನಲ್ಲಿ ಅವರು ಈ ಎರಡು ಅಕ್ಷರಗಳನ್ನು ಬೇರೆಯಾಗಿಯೇ ಉಳಿಸಿಕೊಂಡರು.

ಶಬ್ದಮಣಿದರ್ಪಣವನ್ನು 1868ರಲ್ಲಿ ಜೆ. ಗ್ಯಾರೆಟ್ ಅವರು ಬೆಂಗಳೂರಿನಲ್ಲಿ ಅಚ್ಚು ಮಾಡಿಸಿದ್ದರು. ಕಿಟ್ಟೆಲ್ ಅವರ ಆವೃತ್ತಿ 1872ರಲ್ಲಿ ನಿಷ್ಠೂರ ಸಂಜಯ್ಯನ ವ್ಯಾಖ್ಯಾನದೊಡನೆ ಪ್ರಕಟವಾಯಿತು. ಗ್ರಂಥದ ವಿದ್ವತ್ತಿನ ಅಧ್ಯಯನಕ್ಕೆ ಇದರಿಂದ ಗಟ್ಟಿಯಾದ ನೆಲೆ ದೊರೆಯಿತು.

ಛಂದೋಂಬುಧಿ ಮತ್ತು ಸಾಹಿತ್ಯ ಚರಿತ್ರೆ

ಇದಾದ ಮೂರು ವರ್ಷಕ್ಕೆ, 1875ರಲ್ಲಿ, ನಾಗವರ್ಮನ ಛಂದೋಂಬುಧಿ ಹೊರಬಂದಿತು. ಕನ್ನಡದ ಛಂದಸ್ಸನ್ನು ಕುರಿತು ದೊರೆತಿರುವ ಅತ್ಯಂತ ಹಳೆಯ ಸ್ವತಂತ್ರ ಗ್ರಂಥವಿದು. ಸಂಸ್ಕೃತದ ವೃತ್ತಗಳ ಜೊತೆಗೆ ಷಟ್ಪದಿ, ತ್ರಿಪದಿ ಮೊದಲಾದ ಕನ್ನಡದ ಸ್ವಂತ ಮಟ್ಟುಗಳನ್ನೂ ನಾಗವರ್ಮ ವಿವರಿಸಿದ್ದಾನೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ತ್ರಿಪದಿಗೂ ಶಾಸ್ತ್ರಗ್ರಂಥದಲ್ಲಿ ಜಾಗವಿದೆಯೆಂಬುದು ಹಳ್ಳಿಯ ಹಾಡುಗಳನ್ನು ಕೇಳಿ ಬಲ್ಲ ಕಿಟ್ಟೆಲ್ ಅವರಿಗೆ ಸಂತೋಷ ಕೊಟ್ಟಿರಲೇಬೇಕು.

ಈ ಆವೃತ್ತಿಗೆ ಅವರು ಕನ್ನಡ ಸಾಹಿತ್ಯವನ್ನು ಕುರಿತ ಒಂದು ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದು ಸೇರಿಸಿದರು. ಜೈನ ಕವಿಗಳು, ವೀರಶೈವ ಕವಿಗಳು, ವೈಷ್ಣವ ಕವಿಗಳು ಹೀಗೆ ಕನ್ನಡ ಸಾಹಿತ್ಯದ ಬೆಳವಣಿಗೆಯನ್ನು ಒಂದು ಕ್ರಮದಲ್ಲಿ ನೋಡಿದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ಸಾಮಗ್ರಿ ಕಡಿಮೆಯಿದ್ದ ಕಾಲವಾದ್ದರಿಂದ ಕಾಲನಿರ್ಣಯದಲ್ಲಿ ದೋಷಗಳು ಉಳಿದವು. ಮುಂದಿನ ವಿದ್ವಾಂಸರು ಅವನ್ನು ತಿದ್ದಿದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ ಎಂಬುದನ್ನು ನೆನೆದರೆ ಕಿಟ್ಟೆಲ್ ಎಷ್ಟು ಮುಂಚಿತವಾಗಿ ಈ ಕೆಲಸಕ್ಕೆ ಕೈಹಾಕಿದರೆಂಬುದು ತಿಳಿಯುತ್ತದೆ.

ಅದೇ ವರ್ಷಗಳಲ್ಲಿ ಜರ್ಮನಿಯ ಇತರ ವಿದ್ವಾಂಸರೂ ಜೈನ ಗ್ರಂಥಗಳತ್ತ ಗಮನ ಹರಿಸಿದ್ದರು. ಹರ್ಮನ್ ಯಾಕೋಬಿ 1873–74ರಲ್ಲಿ ಭಾರತಕ್ಕೆ ಬಂದು ಜಾರ್ಜ್ ಬ್ಯೂಲರ್ ಅವರೊಡನೆ ಜೈಸಲ್ಮೇರಿನ ಗ್ರಂಥಭಂಡಾರವನ್ನು ನೋಡಿದರು. ಆಚಾರಾಂಗ ಮತ್ತು ಕಲ್ಪಸೂತ್ರಗಳ ಅವರ ಇಂಗ್ಲಿಷ್ ಅನುವಾದ 1884ರಲ್ಲಿ ಪ್ರಕಟವಾಯಿತು. ಅವರ ಗಮನ ಪ್ರಾಕೃತದ ಆಗಮಗಳ ಮೇಲಿತ್ತು. ದಕ್ಷಿಣದ ಜೈನರ ಕನ್ನಡ ಪರಂಪರೆಯ ಕಡೆ ದುಡಿದವರು ಕಿಟ್ಟೆಲ್.

ನಿಘಂಟಿನ ಮಹಾಕಾರ್ಯ

ರೀವ್ ಅವರ ನಿಘಂಟು ಸಾಲದೆಂಬುದು ಎಲ್ಲರಿಗೂ ತಿಳಿದಿತ್ತು. ಹೊಸ ನಿಘಂಟಿನ ಹೊಣೆ ಕಿಟ್ಟೆಲ್ ಅವರ ಪಾಲಿಗೆ ಬಂದಿತು. ಸುಮಾರು ಎರಡು ದಶಕ ಅವರು ಇದಕ್ಕಾಗಿ ದುಡಿದರು. 1877ರಲ್ಲಿ ಜರ್ಮನಿಗೆ ಹಿಂತಿರುಗಿದರು. ಇಲ್ಲಿಗೆ ಬಂದು ಆಗ 24 ವರ್ಷಗಳಾಗಿದ್ದವು. ಊರಿಗೆ ಮರಳಿದವರು ಅಲ್ಲಿಯೇ ನೆಲೆ ನಿಲ್ಲಬಹುದಾಗಿತ್ತು. ಆದರೆ ಕನ್ನಡ ನಾಡಿನ ಪಂಡಿತರ ನೆರವಿಲ್ಲದೆ, ಜನರ ಮಾತನ್ನು ಕೇಳದೆ ನಿಘಂಟು ಪೂರ್ಣವಾಗುವಂತಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಭಾರತಕ್ಕೆ ಬಂದರು. ಮೊದಲ ಸಲ ಬಂದದ್ದು ಮಿಷನ್ ಕಳುಹಿಸಿತೆಂದು. ಈ ಸಲ ಅವರನ್ನು ಕರೆತಂದದ್ದು ಕನ್ನಡದ ಕೆಲಸ. 1892ರವರೆಗೆ ಇಲ್ಲಿದ್ದು ದುಡಿದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಪದಗಳು. ಪ್ರತಿ ಪದಕ್ಕೆ ಅರ್ಥ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಜ್ಞಾತಿಪದಗಳು, ತತ್ಸಮ ತದ್ಭವಗಳ ವಿವರ, ಕಾವ್ಯಗಳಿಂದ ಆಧಾರ, ಬಳಕೆಯ ನುಡಿ, ಗಾದೆಗಳನ್ನು ಕೊಡಲಾಗಿದೆ. ಕೇಶಿರಾಜನ ಸೂತ್ರ ಪ್ರಯೋಗಗಳು ಪುಟಪುಟಕ್ಕೂ ಆಧಾರವಾಗಿ ಬರುತ್ತವೆ. ಅಭಿನವಪಂಪನೆಂದು ಹೆಸರಾದ ನಾಗಚಂದ್ರನ ರಾಮಾಯಣದ ಪ್ರಯೋಗಗಳೂ ಇವೆ. ಅದೇ ಪುಟದಲ್ಲಿ ಬಸವಪುರಾಣ, ದಾಸರ ಪದ, ಹೊಲಗದ್ದೆಯ ಮಾತು ಎಲ್ಲವೂ ಕೂಡಿಕೊಂಡಿವೆ.

ನಿಘಂಟಿನ ಪೀಠಿಕೆಯಲ್ಲಿ ಅವರು ಇನ್ನೊಂದು ವಿಚಾರವನ್ನು ಮುಂದಿಟ್ಟರು. ಕನ್ನಡ ಸಂಸ್ಕೃತದಿಂದ ಪದಗಳನ್ನು ಪಡೆದಂತೆ ಸಂಸ್ಕೃತವೂ ದ್ರಾವಿಡ ಭಾಷೆಗಳಿಂದ ಪದಗಳನ್ನು ಪಡೆದಿದೆಯೆಂದು ತೋರಿಸಲು ನಾನೂರಕ್ಕೂ ಹೆಚ್ಚು ಪದಗಳ ಪಟ್ಟಿಯನ್ನು ಕೊಟ್ಟರು. ಈ ಪಟ್ಟಿಯ ಎಲ್ಲ ಪದಗಳನ್ನೂ ಮುಂದಿನವರು ಒಪ್ಪಲಿಲ್ಲ. ಆದರೂ ಕನ್ನಡ ಕೊಡುವ ಭಾಷೆಯೂ ಹೌದೆಂಬ ಮಾತನ್ನು ಆಧಾರಸಹಿತ ಹೇಳಿದ ಮೊದಲಿಗರಲ್ಲಿ ಅವರು ಪ್ರಮುಖರು.

ನಿಘಂಟಿಗೆ ಮಿತಿಗಳಿಲ್ಲದಿಲ್ಲ. ಆಗಿನ್ನೂ ಹಲವು ಜೈನ ಕಾವ್ಯಗಳು ಭಂಡಾರಗಳಿಂದ ಹೊರಬಂದಿರಲಿಲ್ಲ. ಶಾಸನಗಳ ಪದಸಂಪತ್ತು ಪೂರ್ಣವಾಗಿ ದೊರೆತಿರಲಿಲ್ಲ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಾಲ್ಕು ಸಂಪುಟಗಳ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರ ಅವಧಿಯಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1995ರಲ್ಲಿ ಪೂರ್ಣವಾಯಿತು. ಆದರೂ ಹಳಗನ್ನಡ ಓದುವವರು ಮೊದಲು ತೆರೆಯುವ ಪುಸ್ತಕಗಳಲ್ಲಿ ಕಿಟ್ಟೆಲ್ ಕೋಶ ಇಂದಿಗೂ ಒಂದಾಗಿದೆ.

ಕೊನೆಯ ವರ್ಷಗಳು

ಜರ್ಮನಿಗೆ ಮರಳಿದ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಟ್ಯೂಬಿಂಗನ್ ನಗರದಲ್ಲಿ ಕಳೆದರು. ಅಲ್ಲಿನ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ವ್ಯಾಸಂಗವನ್ನು ಒಮ್ಮೆ ಆಕ್ಷೇಪಿಸಿದವರಿಗೆ ಅದೇ ಉತ್ತರವಾಯಿತು. ಆದರೆ ಅವರು ಕೈಕಟ್ಟಿ ಕೂಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದರ ಆಧಾರ ಗ್ರಂಥವೂ ಶಬ್ದಮಣಿದರ್ಪಣವೇ. ಆ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ ಟ್ಯೂಬಿಂಗನ್ನಿನಲ್ಲಿ ನಿಧನರಾದರು. ಅವರಿಗೆ ಆಗ 71 ವರ್ಷ.

ಕನ್ನಡ ನಾಡು ಅವರನ್ನು ಮರೆತಿಲ್ಲ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬಳಿ ಅವರ ಪ್ರತಿಮೆ ಇದೆ.

ಶಾಸ್ತ್ರದಾನದ ದೃಷ್ಟಿಯಿಂದ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನ ಗೃಹಸ್ಥರ ಕರ್ತವ್ಯವೆಂದು ಹಿರಿಯರು ಹೇಳಿದ್ದಾರೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಶಾಸ್ತ್ರದಾನದ ದೊಡ್ಡ ಮಾದರಿ. ಗ್ರಂಥ ಒಂದೇ ಕಡೆ ಉಳಿದರೆ ಅಳಿಯುತ್ತದೆ, ಹಂಚಿದರೆ ಬಾಳುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಆಕೆಯ ಲಕ್ಕುಂಡಿಯಿಂದ ಹೆಚ್ಚು ದೂರವಿಲ್ಲದ ಊರುಗಳಲ್ಲಿ ಕನ್ನಡ ಕಲಿತ ಕಿಟ್ಟೆಲ್ ಅದೇ ಕೆಲಸವನ್ನು ಅಚ್ಚುಮೊಳೆಗಳಿಂದ ಮಾಡಿದರು. ಅವರು ಅದನ್ನು ದಾನವೆಂದು ಕರೆಯಲಿಲ್ಲ, ಜೈನ ಧರ್ಮದ ಸೇವೆಯೆಂದೂ ಭಾವಿಸಲಿಲ್ಲ. ಆದರೂ ಅದರ ಫಲ ಕೇಶಿರಾಜನ ವಂಶದವರಾದ ನಮಗೆಲ್ಲ ದೊರೆತಿದೆ.

ಇಂದು ಹುಬ್ಬಳ್ಳಿ–ಧಾರವಾಡದ ಜೈನ ಮನೆತನಗಳ ಮಕ್ಕಳು ಓದಿಗೂ ನೌಕರಿಗೂ ಎರಡು ಮೂರು ವರ್ಷಗಳ ಮಟ್ಟಿಗೆ ಹೊರದೇಶಗಳಿಗೆ ಹೋಗುತ್ತಾರೆ. ಕೆಲವರು ಹೋಗುವುದು ಕಿಟ್ಟೆಲ್ ಹುಟ್ಟಿದ ಜರ್ಮನಿಗೇ. ಬೆಳಿಗ್ಗೆ ಹೊರಟವರು ಮರುದಿನ ಅಲ್ಲಿರುತ್ತಾರೆ, ಸಂಜೆ ಮನೆಯವರೊಡನೆ ಮುಖ ನೋಡಿ ಮಾತಾಡುತ್ತಾರೆ. ಕಿಟ್ಟೆಲ್ ಪಟ್ಟ ಪಾಡು ಅವರಿಗಿಲ್ಲ. ಆದರೆ ಪರನಾಡಿನಲ್ಲಿ ಸಂಬಳದ ಕೆಲಸ ಮುಗಿದ ಮೇಲೂ ಸಮಯ ಉಳಿಯುತ್ತದೆ. ಆ ಸಮಯದಲ್ಲಿ ಅಲ್ಲಿನ ಜನರ ಮಾತನ್ನು, ಬಾಳನ್ನು ಗೌರವದಿಂದ ಕಲಿಯಬಹುದು. ಜರ್ಮನಿಯಲ್ಲಿರುವವರು ಒಂದು ರಜೆಯ ದಿನ ಸ್ಟುಟ್‌ಗಾರ್ಟಿಗೆ ಹತ್ತಿರದ ಟ್ಯೂಬಿಂಗನ್ನಿಗೆ ಹೋಗಿ, ಕೇಶಿರಾಜನಿಂದ ಕನ್ನಡ ಕಲಿತವರು ಕೊನೆಯುಸಿರೆಳೆದ ಊರನ್ನು ನೋಡಿ ಬರಬಹುದು. ಹಾಗೆಯೇ ಊರಿಗೆ ಬಂದಾಗ, ಮನೆಯ ಅಟ್ಟದಲ್ಲೋ ಊರ ಬಸದಿಯ ಪೆಟ್ಟಿಗೆಯಲ್ಲೋ ಬಟ್ಟೆ ಸುತ್ತಿಟ್ಟ ತಾಳೆಗರಿಯ ಕಟ್ಟು ಇದ್ದರೆ ಅದನ್ನು ಬಲ್ಲವರಿಗೆ ತೋರಿಸಬೇಕು. ಅದರಲ್ಲಿ ಏನಿದೆಯೆಂಬುದು ಬಿಚ್ಚಿ ಓದುವವರೆಗೆ ಯಾರಿಗೂ ತಿಳಿಯದು.